ಎರೆ ನೆಲದ ಮೇಲೆ ಹೊಸ ವೆಜ್‌ಗಳು: 58-12 ಇಟ್ಟುಕೊಳ್ಳಲೇ, ಬದಲಿಸಲೇ?

ಆಳಂದ ರಸ್ತೆ (ಕಲಬುರಗಿ)
ಏಪ್ರಿಲ್ 6, ಬೆಳಿಗ್ಗೆ 10:20

ಗಾಲ್ಫ್ ಆಟಕ್ಕೆ ಮೂರು ಹೊಸ ವೆಜ್‌ಗಳನ್ನು, ಎಂದರೆ ಚೆಂಡನ್ನು ಎತ್ತರಕ್ಕೆ ಎತ್ತಿ ಹತ್ತಿರದಲ್ಲಿ ಇಳಿಸುವ ಓರೆ ಮುಖದ ಕೋಲುಗಳನ್ನು, ಕೊಂಡು ಐದು ವಾರವಾಯಿತು. ಮುಖದ ಓರೆ, ಅಂದರೆ ಲಾಫ್ಟ್, 50 ಡಿಗ್ರಿಯದೊಂದು, 54ರದೊಂದು, 58ರದೊಂದು. ತಳದ ಬೌನ್ಸ್ (ಏನೆಂದು ಮುಂದೆ ಹೇಳುತ್ತೇನೆ) ಕ್ರಮವಾಗಿ 8, 14 ಮತ್ತು 12. 58-12 ಎಂದರೆ ಲಾಫ್ಟ್ 58, ಬೌನ್ಸ್ 12. ಬ್ರಾಂಡಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಬಂದ ಕೂಡಲೇ ಮಾತು ಆ ಕಡೆಗೆ ಹೊರಳುತ್ತದೆ. ನನ್ನ ಪ್ರಶ್ನೆ ಬ್ರಾಂಡಿನದಲ್ಲ, ನಮ್ಮ ನೆಲದ್ದು.

ಒಂಬತ್ತು ವರ್ಷ ಬೆಂಗಳೂರಿನಲ್ಲಿದ್ದಾಗ ಈ ಆಟ ಕಲಿತೆ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಮರಳಿದೆ. ಈಗ ನನ್ನ ಹೊಲವೇ ನನ್ನ ಅಭ್ಯಾಸದ ಮೈದಾನ. ತೊಗರಿಯ ರಾಶಿ ಮುಗಿದ ಮೇಲೆ ಮುಂಗಾರು ಬರುವವರೆಗೆ ಎರಡು ಎಕರೆ ಖಾಲಿ ಇರುತ್ತದೆ. ಕೂಳೆಗಳನ್ನು ಕಿತ್ತು, ಹತ್ತು ಹತ್ತು ಗಜಕ್ಕೆ ಸುಣ್ಣದ ಗೆರೆ ಎಳೆದಿದ್ದೇನೆ. ರಾಶಿಗೆ ಹಾಸುವ ತಾಡಪತ್ರಿಯೇ ಗುರಿ. ಬೆಳಿಗ್ಗೆ ಆರಕ್ಕೆ ಹೋದರೆ ಎಂಟೂವರೆಯ ಹೊತ್ತಿಗೆ ಬಿಸಿಲು ಎಬ್ಬಿಸಿ ಕಳುಹಿಸುತ್ತದೆ.

ನಾಲ್ಕು ಬೆಳಗು ಒಂದೊಂದು ವೆಜ್‌ನಿಂದ ಮೂವತ್ತು ಚೆಂಡು ಹೊಡೆದು, ಬಿದ್ದ ಜಾಗವನ್ನು ಅಳೆದು ಬರೆದುಕೊಂಡೆ. ಪೂರ್ಣ ಹೊಡೆತದಲ್ಲಿ 50 ಡಿಗ್ರಿಯದು ಸುಮಾರು 92 ಗಜ, 54 ಸುಮಾರು 80 ಗಜ, 58 ಸುಮಾರು 66 ಗಜ ಹಾರಿಸುತ್ತದೆ. ಹಳೆಯ 56ಕ್ಕಿಂತ ಮೂರೂ ಕೈಗೆ ಹಿತವಾಗಿವೆ. 50ರ ಬಗ್ಗೆ ಒಂದೇ ಒಂದು ದೂರಿಲ್ಲ.

ತೊಂದರೆ ಇರುವುದು ಸಣ್ಣ ಹೊಡೆತಗಳಲ್ಲಿ. ಬದುವಿನ ಮೇಲೆ ಕರಿಕೆ ದಟ್ಟವಾಗಿ ಬೆಳೆದಿದೆ. ಅಲ್ಲಿ ಚೆಂಡು ಇಟ್ಟು 58ರಿಂದ ಚಿಪ್ ಮಾಡಿದರೆ, ಎಂದರೆ ಸಣ್ಣದಾಗಿ ಎತ್ತಿ ಹೊಡೆದರೆ, ಮನಸ್ಸು ತುಂಬುವ ಹಾಗೆ ಎದ್ದು ತಾಡಪತ್ರಿಯ ಮೇಲೆ ಮೆಲ್ಲಗೆ ಕೂರುತ್ತದೆ. ಅದೇ ಚೆಂಡನ್ನು ಎರಡು ಹೆಜ್ಜೆ ಆಚೆ, ಬಿರಿದು ಕಲ್ಲಾದ ಎರೆಯ ಮೇಲೆ ಇಟ್ಟರೆ ವೆಜ್‌ನ ತಳ ನೆಲಕ್ಕೆ ತಾಗಿ ಪುಟಿಯುತ್ತದೆ, ಮುಂದಿನ ಅಂಚು ಚೆಂಡಿನ ನಡುವಿಗೆ ಬಡಿಯುತ್ತದೆ, ಚೆಂಡು ನೆಲದುದ್ದಕ್ಕೂ ಓಡಿ ಬದು ದಾಟುತ್ತದೆ. ಹತ್ತರಲ್ಲಿ ಆರು ಸಲ ಹೀಗೆಯೇ. 54 ಇನ್ನೂ ಕೆಟ್ಟದಾಗಿ ಪುಟಿಯುತ್ತದೆ.

ಅಂಗಡಿಯಲ್ಲಿ ನನ್ನ ಹೊಡೆತ ನೋಡಿದವರು ‘ನಿಮ್ಮದು ಮೇಲಿನಿಂದ ಕಡಿದಾಗಿ ಇಳಿಯುವ ಹೊಡೆತ, ಬೌನ್ಸ್ ಹೆಚ್ಚಿರಲಿ’ ಎಂದಿದ್ದರು. ಅವರು ನೋಡಿದ್ದು ಮ್ಯಾಟಿನ ಮೇಲೆ. ನಾನು ಎಲ್ಲಿ ಆಡುತ್ತೇನೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೌನ್ಸ್ ಎಂದರೇನು ಎಂದು ಹೊಸಬರು ಕೇಳುವುದರಿಂದ ಹೇಳಿಬಿಡುತ್ತೇನೆ. ವೆಜ್‌ನ ತಳ ಸಪಾಟಾಗಿರುವುದಿಲ್ಲ, ಅದರ ಹಿಂಭಾಗ ಮುಂದಿನ ಅಂಚಿಗಿಂತ ಕೆಳಗೆ ಇಳಿದಿರುತ್ತದೆ. ಆ ಇಳಿಜಾರಿನ ಕೋನವೇ ಬೌನ್ಸ್. ಹೊಲ ಮಾಡುವವರಿಗೆ ಇದು ಗೊತ್ತಿರುವ ಸಂಗತಿ: ಕುಂಟೆಯ ಕುಡ ಮುಂದಕ್ಕೆ ಬಾಗಿದ್ದರೆ ನೆಲಕ್ಕೆ ಇಳಿಯುತ್ತದೆ, ಹಿಂದಕ್ಕೆ ವಾಲಿದ್ದರೆ ಮೇಲ್ಮೇಲೆ ಜಾರುತ್ತದೆ. ಮೆತ್ತನೆಯ ನೆಲದಲ್ಲಿ ವೆಜ್ ಹೂತುಹೋಗದಂತೆ ಕಾಯುವುದು ಬೌನ್ಸ್. ಗಟ್ಟಿ ನೆಲದಲ್ಲಿ ಅದೇ ನಮ್ಮನ್ನು ಮೇಲಕ್ಕೆ ಎತ್ತಿಬಿಡುತ್ತದೆ.

ಹಾಗಾದರೆ 58-12 ಬದಲಿಸಬೇಕೇ, ಇಲ್ಲವೇ ನನ್ನ ಹೊಡೆತವನ್ನು ಬದಲಿಸಬೇಕೇ? ಈ ಮಣ್ಣಿನ ಮೇಲೆ ಆಡಿದವರು ಹೇಳಬೇಕು.


ಗೋಲ್ಕೊಂಡದ ನೆರಳು (ಬೀದರ, ಸದ್ಯ ಹೈದರಾಬಾದ್)
ಏಪ್ರಿಲ್ 6, ಮಧ್ಯಾಹ್ನ 1:45

ಅಣ್ಣ, ನಿಮ್ಮದಕ್ಕೆ ಪೂರ್ತಿ ತಿರುಗುಮುರುಗಿನ ಕಷ್ಟ ನನ್ನದು. ಗೋಲ್ಕೊಂಡದ ನಯಾ ಕಿಲಾ ಪಕ್ಕದ ಗಾಲ್ಫ್ ಕೋರ್ಸಿನಲ್ಲಿ (ಮೈದಾನದಲ್ಲಿ) ತಿಂಗಳಿಗೆ ಒಮ್ಮೆ ಆಡಲು ಅವಕಾಶ ಸಿಗುತ್ತದೆ. ನೀರುಂಡು ಬೆಳೆದ ಹುಲ್ಲು, ಕೆಳಗೆ ಮೆದುವಾದ ನೆಲ. ನನ್ನ ಬಳಿ ಇರುವುದು 58-6. ಚೆಂಡಿಗಿಂತ ಸ್ವಲ್ಪ ಹಿಂದೆ ನೆಲಕ್ಕೆ ಬಡಿದರೂ ಸಾಕು, ಚೆಂಡು ಅಲ್ಲಿಯೇ ಉಳಿಯುತ್ತದೆ, ಅಂಗೈಯಗಲದ ಹೆಂಟೆ ಮಾತ್ರ ಮುಂದಕ್ಕೆ ಹೋಗುತ್ತದೆ. ಎರಡು ವರ್ಷದಿಂದ ನನ್ನ ಕೈಯದೇ ತಪ್ಪು ಎಂದುಕೊಂಡಿದ್ದೆ. ನಿಮ್ಮ ಬರಹ ಓದಿದ ಮೇಲೆ ನೆಲವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನಿಸುತ್ತಿದೆ.

ಇನ್ನೊಂದು ಮಾತು. ನಿಮ್ಮ ಐರನ್ ಸೆಟ್ಟಿನ, ಅಂದರೆ ದೂರ ಹೊಡೆಯುವ ಕಬ್ಬಿಣದ ಕೋಲುಗಳ ಜೊತೆಗೇ ಬರುವ, ಪಿಚಿಂಗ್ ವೆಜ್ ಎಷ್ಟು ಡಿಗ್ರಿಯದು? ಅದು ಗೊತ್ತಿಲ್ಲದೆ 50 ಕೊಂಡಿದ್ದರೆ ನಡುವೆ ಕಂದಕ ಬಿದ್ದಿರುತ್ತದೆ.


ಆಳಂದ ರಸ್ತೆ (ಕಲಬುರಗಿ)
ಏಪ್ರಿಲ್ 6, ಸಂಜೆ 7:05

46 ಎಂದುಕೊಂಡಿದ್ದೆ. ನಿಮ್ಮ ಮಾತು ಓದಿ ತಯಾರಕರ ಪಟ್ಟಿ ತೆಗೆದು ನೋಡಿದರೆ 44! ಅದರಿಂದ ನಾನು 112 ಗಜ ಹೊಡೆಯುತ್ತೇನೆ, 50ರಿಂದ 92. ನಡುವಿನ ಇಪ್ಪತ್ತು ಗಜಕ್ಕೆ ನನ್ನ ಬಳಿ ಕೋಲೇ ಇಲ್ಲ. ಬೆಂಗಳೂರಿನಲ್ಲಿ ನೂರು ಗಜದ ಹೊಡೆತ ಏಕೆ ಯಾವಾಗಲೂ ಕೈಕೊಡುತ್ತಿತ್ತು ಎಂಬುದು ಇವತ್ತು ತಿಳಿಯಿತು.


ನಿವೃತ್ತ ಸೈನಿಕ (ಸುರಪುರ)
ಏಪ್ರಿಲ್ 7, ಬೆಳಿಗ್ಗೆ 5:50

ತಮ್ಮಾ, ನಿನ್ನ ಬರಹವನ್ನು ಎರಡು ಸಲ ಓದಿದೆ. ಅಳೆದು ಬರೆದಿದ್ದೀಯ, ಅದು ಬಹಳ ಹಿಡಿಸಿತು.

ನಾನು ಸೇನೆಯಲ್ಲಿದ್ದಾಗ ದಂಡಿನ ಗಾಲ್ಫ್ ಮೈದಾನಗಳ ಉಸ್ತುವಾರಿ ಪಡೆಯಲ್ಲಿ ಆರು ವರ್ಷ ಕೆಲಸ ಮಾಡಿದೆ. ಅಧಿಕಾರಿಗಳು ಆಡಿ ಹೋದ ಮೇಲೆ ನಮಗೂ ಆಡಲು ಬಿಡುತ್ತಿದ್ದರು. ನೀರಿಲ್ಲದ ಕಡೆಗಳಲ್ಲಿ ಕುಳಿಯ ಸುತ್ತ ನುಣ್ಣನೆಯ ಹುಲ್ಲಿನ ಗ್ರೀನ್ ಇರಲಿಲ್ಲ, ‘ಬ್ರೌನ್’ ಇರುತ್ತಿತ್ತು. ಎಂದರೆ ಮರಳಿಗೆ ಎಣ್ಣೆ ಬೆರೆಸಿ ಹಾಸಿದ ಜಾಗ. ಪಟ್ ಮಾಡುವ, ಎಂದರೆ ಚೆಂಡನ್ನು ಕುಳಿಗೆ ಉರುಳಿಸುವ, ಮೊದಲು ಚೆಂಡಿನಿಂದ ಕುಳಿಯವರೆಗೆ ಮರಳನ್ನು ಎಳೆದು ಸಮ ಮಾಡುತ್ತಿದ್ದೆವು. ಸುತ್ತಲಿನ ನೆಲವೋ, ನಿನ್ನ ಹೊಲದಂತೆಯೇ ಕಲ್ಲು.

ಅಂತಹ ನೆಲದಲ್ಲಿ ನನ್ನ ಹಿರಿಯರು ನನಗೆ ಮೊದಲು ಕಲಿಸಿದ್ದು 58 ತೆಗೆಯಬೇಡ ಎಂಬುದನ್ನು. ಆಗ 58 ನಮ್ಮ ಬಳಿ ಇರಲೂ ಇಲ್ಲ, ಅದು ಬೇರೆ ಮಾತು. ಚೆಂಡಿಗೂ ಗುರಿಗೂ ನಡುವೆ ದಾಟಬೇಕಾದ ಬದುವೋ ಹಳ್ಳವೋ ಇಲ್ಲದಿದ್ದರೆ ಚೆಂಡನ್ನು ಎತ್ತುವ ಅಗತ್ಯವೇನು? 50 ಹಿಡಿ, ಇಲ್ಲವೇ 8 ಐರನ್ ಹಿಡಿ, ಮೂರು ಗಜ ಹಾರಿಸು, ಉಳಿದದ್ದನ್ನು ಉರುಳಲು ಬಿಡು. ಗಟ್ಟಿ ನೆಲ ಉರುಳುವ ಚೆಂಡಿಗೆ ನೆಂಟ.

ಎತ್ತಲೇಬೇಕಾದಾಗ ಹೀಗೆ ಮಾಡು. ಮುಖವನ್ನು ತೆರೆಯಬೇಡ, ಎಂದರೆ ಆಕಾಶದತ್ತ ಇನ್ನಷ್ಟು ತಿರುಗಿಸಬೇಡ. ಮುಖ ತೆರೆದಷ್ಟೂ ತಳದ ಹಿಂಭಾಗ ಇನ್ನೂ ಕೆಳಕ್ಕೆ ಬರುತ್ತದೆ, ಬೌನ್ಸ್ ಹೆಚ್ಚುತ್ತದೆ. ಚೆಂಡು ನಿನ್ನ ನಿಲುವಿನ ನಡುವಿಗಿಂತ ಅರ್ಧ ಚೆಂಡಿನಷ್ಟು ಹಿಂದೆ ಇರಲಿ, ಕೈಗಳು ತುಸು ಮುಂದೆ. ಹಿಡಿ ನಾಲ್ಕು ಡಿಗ್ರಿ ಮುಂದೆ ವಾಲಿದರೆ ನಿನ್ನ 58-12 ಆ ಕ್ಷಣಕ್ಕೆ 54-8 ಆಗುತ್ತದೆ. ಲಾಫ್ಟ್ ಎಷ್ಟು ಇಳಿಯುತ್ತದೆಯೋ ಬೌನ್ಸ್ ಕೂಡ ಅಷ್ಟೇ ಇಳಿಯುತ್ತದೆ. ಕೋಲು ಬದಲಿಸುವ ಮೊದಲು ಇದನ್ನು ಒಂದು ವಾರ ಮಾಡಿ ನೋಡು.

ಬಿರುಕುಗಳ ಬಗ್ಗೆ ಎಚ್ಚರ. ಎರೆಯ ಬಿರುಕಿಗೆ ಮುಂದಿನ ಅಂಚು ಸಿಕ್ಕಿಕೊಂಡರೆ ಮಣಿಕಟ್ಟು ಹೋಗುತ್ತದೆ. ಚೆಂಡಿನ ಮುಂದೆ ಒಂದು ಗೇಣು ನೆಲ ಬಿರುಕಿಲ್ಲದೆ ಇದೆಯೇ ಎಂದು ನೋಡಿಯೇ ಹೊಡೆ.


ಕಪನೂರು ವರ್ಕ್‌ಶಾಪ್ (ಕಲಬುರಗಿ)
ಏಪ್ರಿಲ್ 7, ರಾತ್ರಿ 9:30

ನಾನು ಗಾಲ್ಫ್ ಆಡುವವನಲ್ಲ. ಕಬ್ಬಿಣದ ಕೆಲಸ ನನ್ನದು, ಸೋದರಳಿಯ ಈ ಚರ್ಚೆಯನ್ನು ತೋರಿಸಿದ. ಒಂದು ಸರಳ ಪ್ರಶ್ನೆ: ತಳದ ಹಿಂಭಾಗ ಹೆಚ್ಚು ಇಳಿದಿರುವುದೇ ತೊಂದರೆಯಾದರೆ ಅದನ್ನು ತೇಯಬಾರದೇಕೆ? ಅರ್ಧ ಗಂಟೆಯ ಕೆಲಸ.


ಗೋಲ್ಕೊಂಡದ ನೆರಳು (ಬೀದರ, ಸದ್ಯ ಹೈದರಾಬಾದ್)
ಏಪ್ರಿಲ್ 7, ರಾತ್ರಿ 10:10

ತೇಯಬಹುದು ಸರ್, ವೃತ್ತಿಪರ ಆಟಗಾರರ ವೆಜ್‌ಗಳನ್ನು ಹಾಗೆ ತೇಯುವುದೇ ಒಂದು ದೊಡ್ಡ ಕಸುಬು, ಅದಕ್ಕೆ ‘ಗ್ರೈಂಡ್’ ಎನ್ನುತ್ತಾರೆ. ನಿಯಮವೂ ಅಡ್ಡಿ ಬರುವುದಿಲ್ಲ. ಆಟ ಶುರುವಾದ ಮೇಲೆ ಬದಲಿಸುವಂತಿಲ್ಲ ಅಷ್ಟೇ. ಮುಖದ ಗೀರುಗಳನ್ನು ಮಾತ್ರ ಮುಟ್ಟಬಾರದು. 25 ಡಿಗ್ರಿ ಮತ್ತು ಅದಕ್ಕಿಂತ ಹೆಚ್ಚು ಲಾಫ್ಟ್ ಇರುವ ಕೋಲುಗಳ ಗೀರುಗಳ ಆಳ, ಅಗಲ, ಅಂಚಿನ ಹರಿತಕ್ಕೆ 2010ರಿಂದ ಬಿಗಿಯಾದ ಮಿತಿ ಇದೆ.

ಆದರೆ ಐದು ವಾರದ ಹೊಸ ವೆಜ್ ಮೇಲೆ ಮೊದಲ ಪ್ರಯೋಗ ಬೇಡ ಎಂದು ನನ್ನ ವಿನಂತಿ. ತೆಗೆದ ಲೋಹವನ್ನು ಮತ್ತೆ ಹಾಕಲಾಗುವುದಿಲ್ಲ.


ಕಪನೂರು ವರ್ಕ್‌ಶಾಪ್ (ಕಲಬುರಗಿ)
ಏಪ್ರಿಲ್ 8, ಬೆಳಿಗ್ಗೆ 8:15

ಅದು ಸರಿಯಾದ ಮಾತು. ತೂಕ ಕಡಿಮೆಯಾದರೆ ಏನಾಗುತ್ತದೆ? ಯಾವ ಉಕ್ಕು ಅದು?


ಆಳಂದ ರಸ್ತೆ (ಕಲಬುರಗಿ)
ಏಪ್ರಿಲ್ 8, ಬೆಳಿಗ್ಗೆ 11:40

ತಲೆಯ ತೂಕ ಸುಮಾರು 300 ಗ್ರಾಂ. ಎರಡು ಗ್ರಾಂ ಹೋದರೆ ಬೀಸುವಾಗಿನ ಭಾರ, ಅದನ್ನೇ ಸ್ವಿಂಗ್ ವೆಯ್ಟ್ ಎನ್ನುತ್ತೇವೆ, ಒಂದು ಅಂಕ ಇಳಿಯುತ್ತದೆ. ಹಿಂಬದಿಗೆ ಸೀಸದ ಪಟ್ಟಿ ಅಂಟಿಸಿ ಸರಿದೂಗಿಸಬಹುದು. ಎರಕದ ವೆಜ್‌ಗಳು ಹೆಚ್ಚಾಗಿ 8620 ಕಾರ್ಬನ್ ಉಕ್ಕಿನವು. ಕುಟ್ಟಿ ಮಾಡಿದ, ಅಂದರೆ ಫೋರ್ಜ್ ಮಾಡಿದವು 1020 ಅಥವಾ 1025. ನನ್ನ ಹೊಸ ಮೂರೂ ಫೋರ್ಜ್ ಮಾಡಿದವು. ಹಳೆಯ 56 ಎರಕದ್ದು, ಬೌನ್ಸ್ 12.

ಅದನ್ನೇ ನಿಮಗೆ ತಂದುಕೊಡುತ್ತೇನೆ ಸರ್. ಹನ್ನೊಂದು ವರ್ಷ ನನ್ನ ಜೊತೆ ಬಂದಿದೆ, ಈಗ ನಮ್ಮೆಲ್ಲರಿಗೂ ಒಂದು ಪಾಠ ಹೇಳಲಿ.


ಭೀಮಾ ದಂಡೆ (ಯಾದಗಿರಿ)
ಏಪ್ರಿಲ್ 10, ಸಂಜೆ 6:20

ಎಲ್ಲರೂ ಗಟ್ಟಿ ನೆಲದ ಬಗ್ಗೆಯೇ ಹೇಳುತ್ತಿದ್ದೀರಿ. 54-14 ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡಲಿಲ್ಲವಲ್ಲ! ಅದನ್ನು ಎರೆಯ ಮೇಲೆ ತೂಗಬೇಡಿ ಸರ್, ಅದು ಹುಟ್ಟಿದ್ದೇ ಮರಳಿಗಾಗಿ.

ಜೀನ್ ಸಾರಾಜೆನ್ ಎಂಬ ಅಮೆರಿಕದ ಆಟಗಾರ ತನ್ನ ಕೋಲಿನ ಹಿಂಭಾಗಕ್ಕೆ ಸೀಸ ಬೆಸೆದು, ಹಿಂದಿನ ಅಂಚು ಕೆಳಗಿಳಿಯುವಂತೆ ಮಾಡಿಕೊಂಡು 1932ರ ಬ್ರಿಟಿಷ್ ಓಪನ್ ಗೆದ್ದ. ಇಂದಿನ ಸ್ಯಾಂಡ್ ವೆಜ್‌ಗೆ ಅದೇ ಮೂಲ. ಅದಕ್ಕೆ ಮೊದಲು ತೆಳ್ಳನೆಯ ಅಂಚಿನ ಕೋಲು ಮರಳಿಗೆ ಕೊಡಲಿಯಂತೆ ಇಳಿದುಹೋಗುತ್ತಿತ್ತು. ಸಾರಾಜೆನ್ ಮಾಡಿದ್ದು, ಕಪನೂರು ಸರ್ ಈಗ ಕೇಳುತ್ತಿರುವ ಕೆಲಸದ ನೇರ ವಿರುದ್ಧ: ಅವನು ತಳಕ್ಕೆ ಲೋಹ ಸೇರಿಸಿದ, ನೀವು ತೆಗೆಯುತ್ತೀರಿ. ಎರಡಕ್ಕೂ ಕಾರಣ ನೆಲವೇ.

ನಮ್ಮಲ್ಲಿ ಬೇಸಿಗೆಯಲ್ಲಿ ಭೀಮೆಯ ನೀರು ಸರಿದಾಗ ಮರಳ ದಿಬ್ಬ ತೆರೆದುಕೊಳ್ಳುತ್ತದೆ. ನಾನು ಅಲ್ಲಿಯೇ ಬಂಕರ್ ಹೊಡೆತ, ಅಂದರೆ ಕೋರ್ಸಿನ ಮರಳ ಗುಂಡಿಯಿಂದ ಚೆಂಡು ಎತ್ತುವ ಹೊಡೆತ, ಕಲಿತದ್ದು. ಹೊಳೆಯ ಮರಳಿನ ಕಣಗಳು ಉರುಳಿ ಉರುಳಿ ದುಂಡಗಾಗಿರುತ್ತವೆ, ಆದ್ದರಿಂದ ಚೆಂಡು ಅದರಲ್ಲಿ ಹೂತು ಕೂರುತ್ತದೆ. ಒಳ್ಳೆಯ ಕೋರ್ಸುಗಳು ಮೂಲೆಗಳಿರುವ ಕಣದ ಮರಳನ್ನು ಹುಡುಕುವುದು ಅದಕ್ಕೇ. ಹೊಳೆಯ ಮರಳಲ್ಲಿ ಕಲಿತವನಿಗೆ ಕೋರ್ಸಿನ ಬಂಕರ್ ಸುಲಭ ಅನ್ನಿಸುತ್ತದೆ.

ಮೇ ತಿಂಗಳ ಒಂದು ಭಾನುವಾರ ಎಲ್ಲರೂ ಬನ್ನಿ. ಎರಡು ಮಾತು ಮಾತ್ರ: ಮರಳನ್ನು ಯಾರೂ ಒಂದು ಬೊಗಸೆಯನ್ನೂ ಒಯ್ಯಬಾರದು, ಚೆಂಡನ್ನು ಯಾರೂ ಹೊಳೆಯತ್ತ ಹೊಡೆಯಬಾರದು. ಎಣಿಸಿಕೊಂಡು ತಂದು ಎಣಿಸಿಕೊಂಡು ಒಯ್ಯಬೇಕು.


ಕೋಟೆ ಹಿಂದಿನ ಮನೆ (ಬೀದರ)
ಏಪ್ರಿಲ್ 11, ಮಧ್ಯಾಹ್ನ 3:00

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಶಿಕ್ಷಕಿ, ಆಟ ಆಡಿಲ್ಲ. ಮಗಳಿಗೆ ಹದಿನೈದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯ ಸ್ಥಾನ ಪಡೆದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಅವಳ ತಲೆಯಲ್ಲಿ ಗಾಲ್ಫ್ ಕೂತಿದೆ. ಬೀದರಿನಲ್ಲಿ ಇದೇನು ಆಸೆ ಎಂದು ಆಗ ಅಂದುಕೊಂಡೆ. ಆಸೆ ಹೋಗಲಿಲ್ಲ. ಕಳೆದ ವರ್ಷದಿಂದ ಬೇವಿನ ಕೋಲಿಗೆ ಬಾಗಿದ ಕಬ್ಬಿಣ ಕಟ್ಟಿಕೊಂಡು ಜಂಬಿಟ್ಟಿಗೆ ನೆಲದ ಮೇಲೆ ರಬ್ಬರ್ ಚೆಂಡು ಹೊಡೆಯುತ್ತಿದ್ದಾಳೆ.

ಒಂದೇ ಒಂದು ಕೋಲು ಕೊಡಿಸುವುದಾದರೆ ಯಾವುದು? ಅಂಗಡಿಯವರು ಪೂರ್ತಿ ಸೆಟ್ಟಿನ ಬೆಲೆ ಹೇಳಿದರು. ಅಷ್ಟು ನನ್ನಿಂದ ಆಗದು.


ನಿವೃತ್ತ ಸೈನಿಕ (ಸುರಪುರ)
ಏಪ್ರಿಲ್ 11, ಸಂಜೆ 5:30

ತಂಗೀ, ಕ್ಷಮೆ ಏಕೆ ಕೇಳುತ್ತೀಯ? ಈ ಚರ್ಚೆಯಲ್ಲಿ ನಿನ್ನ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು.

ಪೂರ್ತಿ ಸೆಟ್ಟು ಬೇಡವೇ ಬೇಡ. ನಿಯಮದಂತೆ ಚೀಲದಲ್ಲಿ ಹದಿನಾಲ್ಕು ಕೋಲು ಇಡಬಹುದು, ಇಡಲೇಬೇಕು ಎಂದಿಲ್ಲ. ಒಂದು 56 ಡಿಗ್ರಿಯ ವೆಜ್ ಸಾಕು. ಹತ್ತು ಗಜದಿಂದ ಎಪ್ಪತ್ತು ಗಜದವರೆಗೆ ಅದೊಂದರಲ್ಲೇ ಆಡಲಿ. ಕುಳಿಯ ಅಗಲ 108 ಮಿಲಿಮೀಟರು, ಚೆಂಡಿನದು 43ಕ್ಕೆ ತುಸು ಕಡಿಮೆ. ಆ ಕುಳಿಯ ಹತ್ತಿರ ಚೆಂಡು ತರುವವರು ಆಟ ಗೆಲ್ಲುತ್ತಾರೆ. ದೂರ ಹೊಡೆಯುವುದನ್ನು ಆಮೇಲೆ ಕಲಿಯಬಹುದು. ಅವಳ ಎತ್ತರ ಎಷ್ಟು?


ಕೋಟೆ ಹಿಂದಿನ ಮನೆ (ಬೀದರ)
ಏಪ್ರಿಲ್ 11, ಸಂಜೆ 6:10

ಐದು ಅಡಿ ಮೂರು ಇಂಚು, ಅಣ್ಣಾವರೇ.


ನಿವೃತ್ತ ಸೈನಿಕ (ಸುರಪುರ)
ಏಪ್ರಿಲ್ 11, ಸಂಜೆ 6:40

ಹಾಗಾದರೆ ದೊಡ್ಡವರ ವೆಜ್ ಅನ್ನೇ ಹಿಡಿಯಬಹುದು, ಕತ್ತರಿಸುವ ಕೆಲಸವಿಲ್ಲ. ಸುಮಾರು 35 ಇಂಚಿನದು ಸಾಕಾಗುತ್ತದೆ. ಜಂಬಿಟ್ಟಿಗೆ ನೆಲ ಎರೆಗಿಂತಲೂ ಗಟ್ಟಿ, ಬೌನ್ಸ್ ಕಡಿಮೆ ಇರಬೇಕು. ನೆಲದ ಮೇಲೆ ಒಂದು ಅಗಲ ಗೋಣಿಚೀಲವನ್ನು ಎರಡು ಮಡಿಕೆ ಮಾಡಿ ಹಾಸಿ ಹೊಡೆಯಲು ಹೇಳು. ಮಣಿಕಟ್ಟೂ ಉಳಿಯುತ್ತದೆ, ಕೋಲೂ ಉಳಿಯುತ್ತದೆ.


ಕಪನೂರು ವರ್ಕ್‌ಶಾಪ್ (ಕಲಬುರಗಿ)
ಏಪ್ರಿಲ್ 20, ರಾತ್ರಿ 8:50

ಹಳೆಯ 56 ತೇಯ್ದು ಮುಗಿಸಿದೆ. ಬೇರೆಯವರಿಗೆ ಉಪಯೋಗವಾಗಲಿ ಎಂದು ಮಾಡಿದ ಬಗೆಯನ್ನು ಬರೆಯುತ್ತಿದ್ದೇನೆ.

ಮೊದಲು ತಳಕ್ಕೆ ಮಾರ್ಕರ್ ಬಳಿದು, ಆಳಂದ ರಸ್ತೆಯವರಿಂದ ಗಟ್ಟಿ ನೆಲದಲ್ಲಿ ಹತ್ತು ಹೊಡೆತ ಹೊಡೆಸಿದೆ. ಬಣ್ಣ ಎಲ್ಲಿ ಅಳಿಸಿತು ಎಂದು ನೋಡಿದರೆ ಎಲ್ಲ ಗುರುತೂ ಹಿಂದಿನ ಮೂರನೆಯ ಒಂದು ಭಾಗದಲ್ಲಿ, ಅದರಲ್ಲೂ ಹಿಮ್ಮಡಿಯ, ಅಂದರೆ ತಲೆಗೆ ಕೋಲು ಸೇರುವ ತುದಿಯ, ಕಡೆಗೆ. ಮುಂದಿನ ಅಂಚಿನ ಬಳಿ ಬಣ್ಣ ಹಾಗೆಯೇ ಇತ್ತು. ಅಂದರೆ ತೇಯಬೇಕಾದ ಜಾಗವನ್ನು ಕೋಲೇ ತೋರಿಸಿಕೊಟ್ಟಿತು.

ಕೈ ಗ್ರೈಂಡರ್ ಬಳಸಲಿಲ್ಲ, ಅದು ಒಂದೇ ಕಡೆ ಗುಂಡಿ ತೋಡುತ್ತದೆ. ಬೆಲ್ಟ್ ಯಂತ್ರದಲ್ಲಿ ಐದೈದು ಸೆಕೆಂಡು ಹಿಡಿದು, ಪ್ರತಿ ಸಲ ನೀರಿಗೆ ಅದ್ದಿದೆ. ಬರಿಗೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗಲು ಒಮ್ಮೆಯೂ ಬಿಡಲಿಲ್ಲ. ಹಿಂದಿನ ಅಂಚನ್ನು ಇಳಿಸಿ, ಹಿಮ್ಮಡಿಯ ಮೂಲೆಯನ್ನು ದುಂಡಗೆ ಮಾಡಿದೆ. ಒಟ್ಟು ಏಳು ಗ್ರಾಂ ಹೋಯಿತು.

ಕ್ರೋಮ್ ಲೇಪ ಹರಿದ ಜಾಗದಲ್ಲಿ ಅಂಚು ಬ್ಲೇಡಿನಂತೆ ಏಳುತ್ತದೆ, ಸಣ್ಣ ಅರದಿಂದ ಅದನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಬರಿಯ ಉಕ್ಕು ಈಗ ಗಾಳಿಗೆ ತೆರೆದಿದೆ. ಈ ಬಿಸಿಲಿನಲ್ಲಿ ಏನೂ ಆಗದು, ಮಳೆಗಾಲದಲ್ಲಿ ತುಕ್ಕು ಬರುತ್ತದೆ. ಆಡಿದ ಮೇಲೆ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿದರೆ ಸಾಕು.

ಮೂವತ್ತು ವರ್ಷದಿಂದ ಲೇತ್ ಮುಂದೆ ನಿಂತಿದ್ದೇನೆ. ಇಷ್ಟು ಚಿಕ್ಕ ತುಂಡಿನಲ್ಲಿ ಇಷ್ಟು ಲೆಕ್ಕ ಇರುವುದನ್ನು ನೋಡಿ ನಿಜಕ್ಕೂ ಸಂತೋಷವಾಯಿತು.


ಆಳಂದ ರಸ್ತೆ (ಕಲಬುರಗಿ)
ಏಪ್ರಿಲ್ 23, ಬೆಳಿಗ್ಗೆ 9:15

ಸುರಪುರದ ಕಾಕಾ ಹೇಳಿದ್ದನ್ನೂ ಮಾಡಿದೆ, ಕಪನೂರು ಸರ್ ತೇಯ್ದುಕೊಟ್ಟದ್ದನ್ನೂ ಆಡಿ ನೋಡಿದೆ. ಬಿರಿದ ಎರೆಯ ಮೇಲಿಂದ ಇಪ್ಪತ್ತು ಗಜದ ಚಿಪ್, ಒಂದೊಂದು ಬಗೆಗೆ ಇಪ್ಪತ್ತು ಚೆಂಡು. ತಾಡಪತ್ರಿಯ ಮೇಲೆ ನಿಂತವುಗಳನ್ನು ಮಾತ್ರ ಎಣಿಸಿದ್ದೇನೆ.

58-12, ನನ್ನ ಹಳೆಯ ರೀತಿಯಲ್ಲಿ ಮುಖ ತೆರೆದು ಹೊಡೆದಾಗ 7. ಅದೇ 58-12, ಕಾಕಾ ಹೇಳಿದಂತೆ ಕೈ ಮುಂದಿಟ್ಟು ಹೊಡೆದಾಗ 13. ತೇಯ್ದ ಹಳೆಯ 56 ಕೈಗೆ ಹಗುರ ಅನ್ನಿಸಿತು, ಆದರೂ 16. ಬರಿ 50ರಿಂದ ಉರುಳಿಸಿದಾಗ 17.

ಕೊನೆಯ ಸಂಖ್ಯೆ ನನ್ನನ್ನು ಯೋಚನೆಗೆ ಹಚ್ಚಿದೆ. ಎರಡು ತಿಂಗಳ ಸಂಬಳದಲ್ಲಿ ಉಳಿಸಿ ಕೊಂಡದ್ದು 58, ಹೆಚ್ಚು ಕೆಲಸಕ್ಕೆ ಬಂದದ್ದು 50. ಆದರೆ ಬದು ದಾಟಿಸಬೇಕಾದಾಗ 50 ಸಾಲುವುದಿಲ್ಲ. ಅಲ್ಲಿ ಕಡಿಮೆ ಬೌನ್ಸ್‌ನ, ಹೆಚ್ಚು ಲಾಫ್ಟ್‌ನ ಕೋಲು ಬೇಕೇ ಬೇಕು.

ಕರಿಕೆಯ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಇದನ್ನು ಕಿತ್ತು ಕಿತ್ತು ಅಪ್ಪನ ಆಯುಷ್ಯ ಸವೆಯಿತು. ಒಂದು ತುಂಡು ಬೇರು ಉಳಿದರೂ ಮತ್ತೆ ಹೊಲವೆಲ್ಲ ಹಬ್ಬುತ್ತದೆ. ಗಾಲ್ಫ್ ಕೋರ್ಸಿನವರು ಬರ್ಮುಡಾ ಹುಲ್ಲು ಎಂದು ಕರೆಯುವುದು ಇದೇ ಗಿಡವನ್ನು. ಗಣಪತಿಗೆ ಏರಿಸುವ ಗರಿಕೆಯೂ ಇದೇ. ಬದುವಿನ ಮೇಲಿನ ಹದಿನೈದು ಅಡಿ ಕರಿಕೆಯನ್ನು ಈಗ ನಾನು ಕೀಳುವುದಿಲ್ಲ, ಕತ್ತರಿಯಿಂದ ಸಮ ಮಾಡಿ ನೀರು ಹಾಕುತ್ತೇನೆ. ಅಪ್ಪ ನೋಡಿದ್ದರೆ ಏನನ್ನುತ್ತಿದ್ದರೋ ಎಂದು ನೀರು ಹಾಕುವಾಗಲೆಲ್ಲ ನೆನಪಾಗುತ್ತಾರೆ.


ಗೋಲ್ಕೊಂಡದ ನೆರಳು (ಬೀದರ, ಸದ್ಯ ಹೈದರಾಬಾದ್)
ಏಪ್ರಿಲ್ 23, ಮಧ್ಯಾಹ್ನ 12:30

ಅಣ್ಣ, ಯಾವ ಚೆಂಡು ಬಳಸುತ್ತಿದ್ದೀರಿ? ಅಭ್ಯಾಸದ ಗಟ್ಟಿ ಚೆಂಡುಗಳಾದರೆ ಲೆಕ್ಕ ತಪ್ಪುತ್ತದೆ. ಸಣ್ಣ ಹೊಡೆತದಲ್ಲಿ ಚೆಂಡು ತಿರುಗುವುದು ಗೀರಿನಿಂದ ಮಾತ್ರವಲ್ಲ, ಹೊದಿಕೆಯಿಂದ ಕೂಡ. ಯುರಿಥೇನ್ ಹೊದಿಕೆಯ ಮೆದು ಚೆಂಡು ಗೀರಿಗೆ ಕಚ್ಚಿಕೊಳ್ಳುತ್ತದೆ, ಗಟ್ಟಿ ಹೊದಿಕೆಯದು ಮುಖದ ಮೇಲೆ ಜಾರುತ್ತದೆ. ಮುಂದಿನ ಸಲ ಎರಡು ಬಗೆಯ ಚೆಂಡುಗಳನ್ನು ಬೇರೆ ಬೇರೆಯಾಗಿ ಹೊಡೆದು ನೋಡಿ.

ಇನ್ನೊಂದು ವಿಚಾರ ಎರಡು ವಾರದಿಂದ ಮನಸ್ಸಿನಲ್ಲಿದೆ. ನನ್ನ 58-6 ಮೆದು ನೆಲದಲ್ಲಿ ಹೂತುಹೋಗುತ್ತದೆ. ನಿಮ್ಮ 58-12 ಗಟ್ಟಿ ನೆಲದಲ್ಲಿ ಪುಟಿಯುತ್ತದೆ. ನಾವು ಅದಲುಬದಲು ಮಾಡಿಕೊಂಡರೆ ಹೇಗೆ? ನನ್ನದು ಎರಡು ವರ್ಷ ಹಳೆಯದು, ಆದರೆ ತಿಂಗಳಿಗೆ ಒಮ್ಮೆ ಆಡಿದ್ದು, ಗೀರುಗಳು ಚೆನ್ನಾಗಿವೆ. ವ್ಯತ್ಯಾಸದ ಹಣ ಕೊಡುತ್ತೇನೆ. ಮೊದಲು ಭೀಮಾ ದಂಡೆಯಲ್ಲಿ ಸೇರೋಣ, ಎರಡನ್ನೂ ಹೊಡೆದು ನೋಡಿ ಆಮೇಲೆ ಮಾತು.


ಭೀಮಾ ದಂಡೆ (ಯಾದಗಿರಿ)
ಮೇ 12, ರಾತ್ರಿ 8:00

ನಿನ್ನೆ ಏಳು ಜನ ಸೇರಿದ್ದೆವು. ಸುರಪುರದ ಕಾಕಾ ಬೆಳಿಗ್ಗೆ ಐದೂವರೆಗೇ ಬಂದು ನಮಗಾಗಿ ಕಾಯುತ್ತಿದ್ದರು. ಬೀದರಿನ ಅಕ್ಕ ಮಗಳನ್ನು ಕರೆದುಕೊಂಡು ರಾತ್ರಿಯೇ ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು. ಬುತ್ತಿಯಲ್ಲಿ ಜೋಳದ ಕಡಕು ರೊಟ್ಟಿ, ಪುಂಡಿ ಪಲ್ಯೆ, ಶೇಂಗಾ ಚಟ್ನಿ.

54-14 ಏನೆಂಬುದು ಎಲ್ಲರಿಗೂ ಕಣ್ಣಾರೆ ಕಂಡಿತು. ಚೆಂಡಿನ ಎರಡು ಇಂಚು ಹಿಂದೆ ಮರಳಿಗೆ ಹೊಡೆದರೆ ತಳ ಮರಳನ್ನು ಸವರಿಕೊಂಡು ಜಾರುತ್ತದೆ, ಮರಳೇ ಚೆಂಡನ್ನು ಎತ್ತಿ ಒಯ್ಯುತ್ತದೆ. ಆಳಂದ ರಸ್ತೆಯವರು ಮೊದಲ ಐದು ಹೊಡೆತದಲ್ಲಿ ಅಳುಕಿದರು, ಆರನೆಯದರಿಂದ ನಿಲ್ಲಿಸಲೇ ಇಲ್ಲ. ಅದೇ ಮರಳಿನಲ್ಲಿ ಹೈದರಾಬಾದಿನವರ 58-6 ಕುತ್ತಿಗೆಯವರೆಗೆ ಇಳಿದುಹೋಯಿತು.

ಒಂದು ವಿನಾಯಿತಿ ಇದೆ. ಪೂರ್ತಿ ಹೂತ ಚೆಂಡಿಗೆ 58-6 ಮುಖ ಮುಚ್ಚಿ ಹೊಡೆದಾಗ ಅದೇ ಮೇಲಾಯಿತು. ಅಲ್ಲಿ ಅಗೆಯುವ ಕೋಲೇ ಬೇಕು.

ಚೆಂಡು ತಂದದ್ದು 64, ಒಯ್ದದ್ದು 64.


ಆಳಂದ ರಸ್ತೆ (ಕಲಬುರಗಿ)
ಮೇ 13, ಬೆಳಿಗ್ಗೆ 7:30

ಅದಲುಬದಲು ಅಲ್ಲಿಯೇ ಮುಗಿಯಿತು. ವ್ಯತ್ಯಾಸದ ಹಣ ಬೇಡವೆಂದೆ, ಅದರ ಬದಲು ನನ್ನ 50 ಅನ್ನು ಹೈದರಾಬಾದಿಗೆ ಒಯ್ದು ಒಂದು ಡಿಗ್ರಿ ಬಾಗಿಸಿಕೊಂಡು ಬರಲು ಕೇಳಿಕೊಂಡೆ. ಫೋರ್ಜ್ ಮಾಡಿದ ತಲೆಯಾದ್ದರಿಂದ ಬಾಗುತ್ತದೆ. 50-8 ಹೋಗಿ 49-7 ಆಗುತ್ತದೆ. ಪಿಚಿಂಗ್ ವೆಜ್‌ನ 44ರಿಂದ 49, ಅಲ್ಲಿಂದ 54, ಅಲ್ಲಿಂದ 58. ಇಪ್ಪತ್ತು ಗಜದ ಕಂದಕ ಪೂರ್ತಿ ಮುಚ್ಚುವುದಿಲ್ಲ, ಉಳಿದದ್ದನ್ನು ಪಿಚಿಂಗ್ ವೆಜ್‌ನ ಮುಕ್ಕಾಲು ಬೀಸಿನಿಂದ ಆಡುತ್ತೇನೆ.


ಕಪನೂರು ವರ್ಕ್‌ಶಾಪ್ (ಕಲಬುರಗಿ)
ಮೇ 13, ರಾತ್ರಿ 9:00

ತೇಯ್ದ 56 ನನ್ನ ಬಳಿಯೇ ಉಳಿದಿತ್ತು. ಏಳು ಗ್ರಾಂ ಸೀಸದ ಪಟ್ಟಿ ಹಿಂಬದಿಗೆ ಹಚ್ಚಿ, ಹಿಡಿಗೆ ಹೊಸ ರಬ್ಬರು ಹಾಕಿದ್ದೇನೆ. ಆಳಂದ ರಸ್ತೆಯವರ ಒಪ್ಪಿಗೆ ಕೇಳಿದೆ, ಕೇಳುವ ಮೊದಲೇ ಕೊಟ್ಟರು. ಬೀದರಿನ ಬಸ್ಸಿನಲ್ಲಿ ಬರುವ ಪರಿಚಯದವರ ಕೈಯಲ್ಲಿ ಬುಧವಾರ ಕಳುಹಿಸುತ್ತೇನೆ. ತಂಗಿ, ಮಗಳಿಗೆ ಹೇಳಿ: ಹಿಂದಿನ ಅಂಚನ್ನು ವಾರಕ್ಕೊಮ್ಮೆ ಬೆರಳಿನಿಂದ ಸವರಿ ನೋಡಲಿ, ಹರಿತ ಎದ್ದಿದ್ದರೆ ನನಗೆ ತಿಳಿಸಲಿ.


ಆಳಂದ ರಸ್ತೆ (ಕಲಬುರಗಿ)
ಜುಲೈ 19, ಸಂಜೆ 6:45

ಮಳೆ ಬಂದು ಹೊಲದಲ್ಲಿ ತೊಗರಿ ಎದ್ದಿದೆ. ಅಭ್ಯಾಸ ಈಗ ಬದುವಿನ ಪಕ್ಕದ ಹತ್ತು ಗಜದ ಪಟ್ಟಿಯಲ್ಲಿ ಮಾತ್ರ. ಏಪ್ರಿಲ್‌ನಲ್ಲಿ ಕಲ್ಲಾಗಿದ್ದ ಅದೇ ಎರೆ ಈಗ ಮೇಣ. 58-6 ಅದರೊಳಗೆ ಇಳಿದು ನಿಂತುಬಿಡುತ್ತದೆ. ಬೇಸಿಗೆಯಲ್ಲಿ ನಾನು ದೂರಿದ್ದ 54-14 ಮಾತ್ರ ಜಾರಿಕೊಂಡು ಹೋಗಿ ಚೆಂಡನ್ನು ಶುದ್ಧವಾಗಿ ಎತ್ತುತ್ತದೆ. ಏಪ್ರಿಲ್‌ನಲ್ಲಿಯೇ ಅದನ್ನು ಮಾರಿಬಿಡಬೇಕೆಂದು ಮನಸ್ಸು ಮಾಡಿದ್ದೆ. ಭೀಮಾ ದಂಡೆಯವರು ತಡೆದರು.

ಒದ್ದೆ ಎರೆ ಒಂದೇ ಹೊಡೆತಕ್ಕೆ ಗೀರುಗಳನ್ನೆಲ್ಲ ತುಂಬಿಬಿಡುತ್ತದೆ. ತುಂಬಿದ ಗೀರಿನಿಂದ ಹೊಡೆದ ಚೆಂಡು ತಿರುಗುವುದೇ ಇಲ್ಲ, ಬಿದ್ದಲ್ಲಿಂದ ಓಡುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಡಬ್ಬಿ ನೀರು ಪಕ್ಕದಲ್ಲೇ ಇರಲಿ. ಮಣ್ಣು ಒಣಗಲು ಬಿಟ್ಟು ಮೊಳೆಯಿಂದ ಕೆರೆಯಬೇಡಿ, ಗೀರಿನ ಅಂಚು ಹಾಳಾಗುತ್ತದೆ.


ಕೋಟೆ ಹಿಂದಿನ ಮನೆ (ಬೀದರ)
ಜುಲೈ 20, ರಾತ್ರಿ 8:30

56 ಬಂದ ದಿನದಿಂದ ಮಗಳು ಅದನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಾಳೆ. ಕಾಕಾ ಹೇಳಿದಂತೆ ಗೋಣಿಚೀಲದ ಮೇಲಿಂದಲೇ ಹೊಡೆಯುತ್ತಾಳೆ. ಇಪ್ಪತ್ತು ಗಜದಲ್ಲಿ ಪ್ಲಾಸ್ಟಿಕ್ ಬುಟ್ಟಿ ಇಟ್ಟಿದ್ದೇವೆ. ಮೇ ಕೊನೆಯಲ್ಲಿ ಇಪ್ಪತ್ತರಲ್ಲಿ ಒಂದು ಬೀಳುತ್ತಿತ್ತು, ನಿನ್ನೆ ಐದು ಬಿದ್ದವು. ಅವಳೂ ಆಳಂದ ರಸ್ತೆ ಅಣ್ಣನಂತೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾಳೆ.

ಹಿಮ್ಮಡಿಯ ಕಡೆ ಸ್ವಲ್ಪ ತುಕ್ಕು ಕಂಡಿತು. ಎಣ್ಣೆ ಸವರಿದೆವು. ಹರಿತ ಎದ್ದಿಲ್ಲ.

ಅವಳ ಪ್ರಶ್ನೆ ಒಂದಿದೆ ಕಾಕಾ: ಬುಟ್ಟಿ ಗಾಳಿಗೆ ಎದುರಾಗಿ ಇರುವಾಗ ಚೆಂಡು ಮೇಲೆದ್ದು ಹಿಂದಕ್ಕೆ ಬೀಳುತ್ತದೆ. ಆಗ ಏನು ಮಾಡಬೇಕು?


ನಿವೃತ್ತ ಸೈನಿಕ (ಸುರಪುರ)
ಜುಲೈ 21, ಬೆಳಿಗ್ಗೆ 5:45

ಚೆಂಡನ್ನು ಇನ್ನೊಂದು ಚೆಂಡಿನಷ್ಟು ಹಿಂದಿಡಲಿ, ಹಿಡಿಯನ್ನು ಎರಡು ಬೆರಳು ಕೆಳಗೆ ಹಿಡಿಯಲಿ, ಬೀಸು ಅರ್ಧವೇ ಇರಲಿ. ಜೋರಾಗಿ ಹೊಡೆಯಬಾರದು, ಜೋರು ಹೆಚ್ಚಿದಷ್ಟೂ ತಿರುಗುವಿಕೆ ಹೆಚ್ಚಿ ಚೆಂಡು ಇನ್ನೂ ಮೇಲಕ್ಕೇರುತ್ತದೆ. ಶನಿವಾರ ಮಗಳ ಮನೆಗೆ ಹುಮನಾಬಾದಿಗೆ ಬರುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಆರಕ್ಕೆ ಬೀದರ ಬಸ್ ನಿಲ್ದಾಣದಲ್ಲಿ ಇರುತ್ತೇನೆ, ಬುಟ್ಟಿ ಮತ್ತು ಗೋಣಿಚೀಲ ತಂದಿರಿ.